ಬೀರು ಸರಿಸಿ ನೋಡಿದ್ದೀರಾ?

ಮಕ್ಕಳ ಡಾಕ್ಟರಿಗೆ ಒಂದು ಪತ್ರ

ಈ ಸಲ ಬಂದ ಪತ್ರಗಳಲ್ಲಿ ಮೂರು ಒಂದೇ ವಿಷಯದ ಸುತ್ತ ಇವೆ: ಬೂಷ್ಟು. ಮೊದಲನೆಯದಕ್ಕೆ ಉತ್ತರ ಸ್ವಲ್ಪ ಉದ್ದವಾಯಿತು. ಅದಕ್ಕೆ ಕಾರಣವೂ ಇದೆ, ಓದುತ್ತಾ ಹೋದರೆ ಗೊತ್ತಾಗುತ್ತೆ.

ಪ್ರಶ್ನೆ: ಡಾಕ್ಟರಮ್ಮಾ, ನನ್ನ ಮಗನಿಗೆ ಐದು ವರ್ಷ. ಹಳೇ ದಾವಣಗೆರೆಯಲ್ಲಿ ಬಾಡಿಗೆ ಮನೆ, ಕೆಳಗಿನ ಅಂತಸ್ತು. ದೀಪಾವಳಿಯಿಂದ ಈಚೆಗೆ ರಾತ್ರಿ ಎರಡು ಮೂರು ಗಂಟೆಗೆ ಎದ್ದು ಕೆಮ್ಮುತ್ತಾನೆ. ಎದೆಯಲ್ಲಿ ಸುಂಯ್ ಅಂತ ಸದ್ದು ಬರುತ್ತೆ. ಹಗಲಲ್ಲಿ ಆಡಿಕೊಂಡು ಇರುತ್ತಾನೆ. ನಾಲ್ಕು ಬಾಟಲಿ ಸಿರಪ್ ಮುಗಿದವು. ಅತ್ತೆ ಮೊಸರು, ಬಾಳೆಹಣ್ಣು ನಿಲ್ಲಿಸಿದ್ದಾರೆ. ಸಂಕ್ರಾಂತಿಗೆ ಜಗಳೂರು ಹತ್ತಿರದ ತವರಿಗೆ ಹೋಗಿ ಎಂಟು ದಿನ ಇದ್ದೆವು. ಅಲ್ಲಿ ಒಂದು ರಾತ್ರಿಯೂ ಕೆಮ್ಮಲಿಲ್ಲ. ವಾಪಸ್ ಬಂದ ಮೂರನೇ ದಿನಕ್ಕೆ ಮತ್ತೆ ಶುರು. ನಾವು ಮಲಗುವ ಕೋಣೆಯಲ್ಲಿ ಬೀರು ಪಕ್ಕದ ಗೋಡೆಗೆ ಕಪ್ಪು ಬೂಷ್ಟು ಹಿಡಿದಿದೆ. ಓನರ್‌ಗೆ ಹೇಳಿದರೆ "ಒರೆಸಿಕೊಳ್ಳಿ, ಬೇಕಾದ್ರೆ ಪೇಂಟ್ ಹೊಡೆಸಿ" ಅಂತಾರೆ. ಕೆಮ್ಮು ಇದರಿಂದಲೇನಾ? ಯಾವ ಜಾತಿ ಬೂಷ್ಟು ಅಂತ ಟೆಸ್ಟ್ ಮಾಡಿಸಬೇಕಾ? ಮನೆ ಖಾಲಿ ಮಾಡಬೇಕಾ? ಡಾಕ್ಟರು ಇನ್‌ಹೇಲರ್ ಬರೆದಿದ್ದಾರೆ. ಅದು ಚಟ ಆಗುತ್ತೆ ಅಂತ ಮನೆಯಲ್ಲಿ ಬೇಡ ಅಂತಿದ್ದಾರೆ.
ಹೆಸರು ಬೇಡ, ದಾವಣಗೆರೆ

ಉತ್ತರ: ಮೊದಲು ಆ ಹುಡುಗನಿಗೆ ಮೊಸರನ್ನ ವಾಪಸ್ ಕೊಡಿ ತಾಯಿ. ಬಾಳೆಹಣ್ಣೂ ಕೊಡಿ. ನಾನು ಮೂವತ್ತು ವರ್ಷ ಪ್ರಾಕ್ಟೀಸ್ ಮಾಡಿದೆ. ಕೆಮ್ಮುವ ಮಗುವನ್ನು ಕರೆತಂದ ಮನೆಗಳಲ್ಲಿ ಮೊಸರು ನಿಲ್ಲಿಸಿದವರು ಬೇಕಾದಷ್ಟು ಜನ, ಬೀರು ಸರಿಸಿ ನೋಡಿದವರು ನಾಲ್ಕೈದು ಜನ. ಅತ್ತೆಯವರ ಮೇಲೆ ಬೇಜಾರು ಮಾಡಿಕೊಳ್ಳಬೇಡಿ. ಯಾಕೆಂದರೆ ನನ್ನ ಮನೆಯ ಬೀರು ಸರಿಸಿದ್ದೂ ನನ್ನ ಅತ್ತೆಯೇ, ನಾನಲ್ಲ.

ಆಗ ನಾವು ಚಿತ್ರದುರ್ಗದಲ್ಲಿ ಕೋಟೆ ಕೆಳಗಿನ ಒಂದು ಬಾಡಿಗೆ ಮನೆಯಲ್ಲಿದ್ದೆವು. ನನ್ನ ಮಗನಿಗೆ ನಾಲ್ಕು ವರ್ಷ. ನಿಮ್ಮ ಮಗನ ಹಾಗೇ ರಾತ್ರಿ ಕೆಮ್ಮು, ಸುಂಯ್ ಸದ್ದು. ಬೆಳಿಗ್ಗೆ ಕ್ಲಿನಿಕ್ಕಿನಲ್ಲಿ ಕೂತು ಬೇರೆ ತಾಯಂದಿರಿಗೆ "ಮನೆ ಗಾಳಿ ಬೆಳಕು ನೋಡ್ಕೊಳ್ಳಿ" ಅಂತ ಹೇಳುತ್ತಿದ್ದೆ. ಸಂಜೆ ಮನೆಗೆ ಬಂದು ನನ್ನ ಮಗನಿಗೆ ಸಿರಪ್ ಬದಲಾಯಿಸುತ್ತಿದ್ದೆ. ಹೀಗೆ ಮೂರು ತಿಂಗಳು. ಒಂದು ದಿನ ಅತ್ತೆಯ ಓಲೆ ತಿರುಪು ಕೈಜಾರಿ ಮರದ ಬೀರು ಕೆಳಗೆ ಉರುಳಿತು. ಬಂಗಾರ ಅಲ್ವಾ, ಬಿಡುತ್ತಾರಾ? ಪಕ್ಕದ ಮನೆ ಹುಡುಗರನ್ನು ಕರೆದು ಬೀರು ಸರಿಸಿದರು. ತಿರುಪು ಸಿಕ್ಕಿತು. ಅದರ ಜೊತೆಗೆ ಎರಡು ಮೊರದಷ್ಟು ಅಗಲ ಕಪ್ಪಗಾದ ಗೋಡೆಯೂ ಸಿಕ್ಕಿತು. ಬೀರುವಿನ ಹಿಂದಿನ ಪ್ಲೈವುಡ್‌ಗೆ ಬೂದು ಬಣ್ಣದ ತುಪ್ಪಳ ಬಂದಿತ್ತು, ಇಲಿಯ ಮೈ ಸವರಿದ ಹಾಗೆ. ಅಲ್ಲೇ ಬಿದ್ದಿದ್ದ ನನ್ನ ಯಜಮಾನರ ಹಳೇ ಚರ್ಮದ ಚಪ್ಪಲಿ ಮೇಲೆ ಹಸಿರು ಪುಡಿ. ಮಗನ ದಿಂಬು ಇದ್ದದ್ದು ಅಲ್ಲಿಂದ ಒಂದು ಮಾರು ದೂರದಲ್ಲಿ. ಅತ್ತೆ ಸೊಂಟದ ಮೇಲೆ ಕೈ ಇಟ್ಟುಕೊಂಡು "ಏನಮ್ಮಾ ಡಾಕ್ಟ್ರೇ" ಅಂದರು, ಅಷ್ಟೇ. ಮುಂದೆ ಏನೂ ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ.

ಗೋಡೆಯ ಆಚೆ ಬದಿಯಲ್ಲಿ ಮಾಳಿಗೆ ಮೇಲಿನ ಮಳೆನೀರು ಇಳಿಯುವ ಪೈಪ್ ಇತ್ತು. ಅದರ ಒಂದು ಎಲ್ಬೋ, ಅಂದರೆ ಪೈಪ್ ತಿರುಗುವ ಕಡೆಯ ಜೋಡಣೆ, ಬಿರುಕು ಬಿಟ್ಟಿತ್ತು. ಮಳೆ ಬಂದಾಗಲೆಲ್ಲ ನೀರು ಗೋಡೆಗೆ ಬಡಿಯುತ್ತಿತ್ತು. ಎಲ್ಬೋ ಬದಲಾಯಿಸಲು ಪ್ಲಂಬರ್‌ಗೆ ಅರ್ಧ ಗಂಟೆ ಸಾಕಾಯಿತು. ನಾನು ಕೊಡಿಸಿದ ಸಿರಪ್ಪುಗಳ ಖರ್ಚು ಅದಕ್ಕಿಂತ ಜಾಸ್ತಿ ಆಗಿತ್ತು.

ಈಗ ನಿಮ್ಮ ಮನೆಗೆ ಬರೋಣ. ಬೂಷ್ಟು ಅಂದರೆ ಅದು ತೀರ್ಥಹಳ್ಳಿ, ಆಗುಂಬೆ ಕಡೆಯ ಕಥೆ, ನಮ್ಮ ದಾವಣಗೆರೆಯಂಥ ಒಣ ಊರಿಗೆ ಎಲ್ಲಿಂದ ಬಂತು ಅಂತ ಎಲ್ಲರೂ ಕೇಳುತ್ತಾರೆ. ನಾನು ಆ ಮಾತನ್ನೇ ತಿರುಗಿಸಿ ಹೇಳುತ್ತೇನೆ. ಮಲೆನಾಡಿನಲ್ಲಿ ಆಷಾಢದಲ್ಲಿ ಎಲ್ಲರ ಮನೆಯ ಗೋಡೆಗೂ ಬೂಷ್ಟು ಬರುತ್ತೆ, ಅಲ್ಲಿ ಗಾಳಿಯಲ್ಲೇ ನೀರು. ನಮ್ಮಲ್ಲಿ ಹಾಗಲ್ಲ. ಸಂಕ್ರಾಂತಿ ಕಳೆದ ಮೇಲೂ ದಾವಣಗೆರೆಯ ಗೋಡೆ ಒದ್ದೆ ಇದೆ ಅಂದರೆ ಹವಾಮಾನವನ್ನ ದೂರಿ ಪ್ರಯೋಜನ ಇಲ್ಲ. ನೀರು ಎಲ್ಲಿಂದಲೋ ಬರುತ್ತಿದೆ. ಅದನ್ನ ಹುಡುಕಿ. ಬೂಷ್ಟಿನ ಬೀಜಕಣ ಎಲ್ಲ ಕಡೆಯೂ ಹಾರಾಡುತ್ತಿರುತ್ತದೆ, ಬೆಣ್ಣೆದೋಸೆ ಹೋಟೆಲಿನ ಗಾಳಿಯಲ್ಲೂ ಇರುತ್ತದೆ. ಅದನ್ನ ಊರು ಬಿಟ್ಟು ಓಡಿಸೋಕೆ ಆಗಲ್ಲ. ಆದರೆ ತೇವ ಸಿಗದೆ ಅದು ಬೆಳೆಯಲ್ಲ.

ಎಲ್ಲಿ ಹುಡುಕೋದು? ಕಲೆ ಎಷ್ಟು ಎತ್ತರದಲ್ಲಿದೆ ಅನ್ನೋದೇ ಅರ್ಧ ಉತ್ತರ ಹೇಳುತ್ತೆ. ನೆಲದಿಂದ ಎರಡು ಮೂರು ಅಡಿವರೆಗೆ ಮಾತ್ರ ಇದ್ದು, ಅಂಚಿನಲ್ಲಿ ಬಿಳಿ ಉಪ್ಪಿನ ಗೆರೆ ಇದ್ದರೆ ಪಾಯದಿಂದ ತೇವ ಏರುತ್ತಿದೆ. ಸೂರಿನ ಮೂಲೆಯಲ್ಲಿದ್ದರೆ ಮಾಳಿಗೆ ಅಥವಾ ಸಜ್ಜಾದಿಂದ ನೀರು ಇಳಿಯುತ್ತಿದೆ. ಗೋಡೆಯ ನಡುವೆ ಮ್ಯಾಪಿನ ಹಾಗೆ ಹರಡಿದ್ದರೆ ಒಳಗೆ ಪೈಪ್ ಸೋರುತ್ತಿರಬಹುದು, ಆ ಗೋಡೆಯ ಆಚೆ ಬಚ್ಚಲುಮನೆ ಇದೆಯಾ ನೋಡಿ. ಇನ್ನೊಂದು ನಮ್ಮೂರಿನದೇ ಕಾಯಿಲೆ ಇದೆ. ನಲ್ಲಿ ನೀರು ಬಂದ ದಿನ ಮೋಟಾರ್ ಹಾಕಿ ಮರೆತುಬಿಡುತ್ತೇವೆ. ಮೇಲಿನ ಟ್ಯಾಂಕ್ ತುಂಬಿ ಧೋ ಅಂತ ಗೋಡೆ ಮೇಲೆ ಇಳಿಯುತ್ತೆ. ಮೇಲಿನ ಮನೆಯವರ ಟ್ಯಾಂಕ್ ಆದರಂತೂ ನಿಮಗೆ ಗೊತ್ತೇ ಆಗಲ್ಲ. ರಾತ್ರಿ ಎಲ್ಲ ನಲ್ಲಿ ಬಂದ್ ಮಾಡಿಸಿ, ಟ್ಯಾಂಕಿಗೆ ಒಂದು ಕೋಲು ಇಳಿಸಿ ಮಟ್ಟ ಗುರುತು ಹಾಕಿ. ಬೆಳಿಗ್ಗೆ ಯಾರೂ ನೀರು ಮುಟ್ಟುವ ಮೊದಲು ಮತ್ತೆ ಇಳಿಸಿ ನೋಡಿ. ಮಟ್ಟ ಇಳಿದಿದ್ದರೆ ನೀರು ಎಲ್ಲೋ ಸೋರುತ್ತಿದೆ.

ಇನ್ನೂ ಒಂದು ಸಣ್ಣ ಪರೀಕ್ಷೆ ಇದೆ, ನನಗೆ ಇದು ಬಹಳ ಇಷ್ಟ. ಚಪಾತಿ ಸುತ್ತುವ ಸಿಲ್ವರ್ ಫಾಯಿಲ್ ಒಂದು ಅಡಿ ಹರಿದುಕೊಳ್ಳಿ. ಕಲೆಯ ಪಕ್ಕದ ಗೋಡೆಯನ್ನ ಒಣಬಟ್ಟೆಯಿಂದ ಒರೆಸಿ, ಫಾಯಿಲನ್ನು ನಾಲ್ಕೂ ಅಂಚಿಗೆ ಟೇಪ್ ಹಾಕಿ ಅಂಟಿಸಿ. ಎರಡು ದಿನ ಬಿಡಿ. ಕೋಣೆಯ ಕಡೆ ಮುಖದಲ್ಲಿ ಹನಿ ನಿಂತಿದ್ದರೆ ತೇವ ಕೋಣೆಯ ಒಳಗಿನದು: ಉಸಿರು, ಒಳಗೆ ಒಣಹಾಕಿದ ಬಟ್ಟೆ, ಅಡುಗೆಯ ಹಬೆ. ಕಿತ್ತಾಗ ಗೋಡೆಯ ಕಡೆ ಮುಖ ಒದ್ದೆ ಇದ್ದರೆ ನೀರು ಗೋಡೆಯೊಳಗಿಂದ ಬರುತ್ತಿದೆ, ಅದು ಓನರ್ ಕೆಲಸ. ಫೋಟೋ ತೆಗೆದು ವಾಟ್ಸಾಪ್‌ನಲ್ಲಿ ಕಳಿಸಿ. "ಗೋಡೆಗೆ ಬೂಷ್ಟು" ಅಂದರೆ ಓನರ್ ಒರೆಸಿ ಅಂತಾರೆ. "ನಿಮ್ಮ ಪೈಪ್ ಒಡೆದಿದೆ, ಕಟ್ಟಡ ಹಾಳಾಗುತ್ತೆ" ಅಂದರೆ ಮಾರನೇ ದಿನವೇ ಬರುತ್ತಾರೆ. ಓನರ್‌ಗಳ ವಿಷಯದಲ್ಲಿ ಇದು ನನ್ನ ಅನುಭವ.

ಹಳೇ ಊರಿನ ಮನೆಗಳು ಗೋಡೆಗೆ ಗೋಡೆ ಅಂಟಿಕೊಂಡಿರುತ್ತವೆ, ಕಿಟಕಿ ಇರೋದೇ ಒಂದೋ ಎರಡೋ. ಸೊಳ್ಳೆ ಅಂತ ಅದನ್ನೂ ಮುಚ್ಚಿರುತ್ತೀರಿ. ಮಂಡಕ್ಕಿ ಭಟ್ಟಿ ಕಡೆ ಇದ್ದರೆ ಹೊಗೆ ಅಂತ ಮುಚ್ಚಿರುತ್ತೀರಿ, ಅದೂ ನ್ಯಾಯವೇ. ಆದರೂ ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ ತೆರೆದಿಡಿ. ನಮ್ಮೂರ ಬಿಸಿಲು, ಒಣಗಾಳಿ ಬಿಟ್ಟಿ ಸಿಗುತ್ತೆ. ಬೀರುವನ್ನ ಗೋಡೆಯಿಂದ ನಾಲ್ಕು ಬೆರಳು ದೂರ ಇಡಿ. ಒದ್ದೆ ಬಟ್ಟೆಯನ್ನ ಕೋಣೆಯ ಹಗ್ಗದ ಮೇಲೆ ಹಾಕಬೇಡಿ.

ಟೆಸ್ಟ್ ಬೇಡ. ದುಡ್ಡು ದಂಡ. ಯಾವ ಜಾತಿಯದಾದರೂ ಮಾಡಬೇಕಾದ ಕೆಲಸ ಒಂದೇ. ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಮನೆಯೊಳಗಿನ ತೇವ ಮತ್ತು ಬೂಷ್ಟಿನ ಬಗ್ಗೆ ಒಂದು ದೊಡ್ಡ ವರದಿ ತಂದಿತು. ಇಂಥ ಮನೆಗಳಲ್ಲಿ ಇರುವವರಿಗೆ ಉಸಿರಾಟದ ತೊಂದರೆ, ಅಲರ್ಜಿ, ಆಸ್ತಮಾ ಜಾಸ್ತಿ ಅಂತ ಅದು ಹೇಳಿತು. ಆದರೆ ಗಾಳಿಯಲ್ಲಿ ಇಷ್ಟು ಬೀಜಕಣ ಇದ್ದರೆ ಸರಿ, ಇಷ್ಟಿದ್ದರೆ ತಪ್ಪು ಅನ್ನುವ ಲೆಕ್ಕವನ್ನು ಅವರೂ ಕೊಡಲಿಲ್ಲ. ತೇವ ಬರದ ಹಾಗೆ ನೋಡಿಕೊಳ್ಳಿ, ಬಂದರೆ ಸರಿಪಡಿಸಿ ಅಂದರು.

ಇದನ್ನ ಹಗುರವಾಗಿ ತಗೋಬಾರದು ಅನ್ನುವುದಕ್ಕೆ ಒಂದು ವಿಷಯ ಹೇಳುತ್ತೇನೆ, ಹೆದರಿಸೋಕೆ ಅಲ್ಲ. ಇಂಗ್ಲೆಂಡಿನ ರಾಚ್‌ಡೇಲ್‌ನಲ್ಲಿ ಅವಾಬ್ ಅನ್ನುವ ಎರಡು ವರ್ಷದ ಮಗು 2020ರ ಡಿಸೆಂಬರ್‌ನಲ್ಲಿ ತೀರಿಕೊಂಡಿತು. ಬಾಡಿಗೆ ಮನೆಯ ಬೂಷ್ಟೇ ಕಾರಣ ಅಂತ 2022ರಲ್ಲಿ ವಿಚಾರಣೆ ತೀರ್ಪು ಕೊಟ್ಟಿತು. ಅಪ್ಪ ಅಮ್ಮ ದೂರು ಕೊಟ್ಟಾಗ ಅವರಿಗೂ "ಪೇಂಟ್ ಹೊಡೀರಿ" ಅಂತಲೇ ಹೇಳಿದ್ದರಂತೆ. ಈಗ ಅಲ್ಲಿ ಆ ಮಗುವಿನ ಹೆಸರಲ್ಲೇ ಕಾನೂನು ಬಂದಿದೆ. ಇಷ್ಟು ವಿಪರೀತಕ್ಕೆ ಹೋಗುವುದು ಬಹಳ ಅಪರೂಪ. ಆದರೆ ಪೇಂಟ್ ಪರಿಹಾರ ಅಲ್ಲ ಅನ್ನುವುದಂತೂ ಖಾತ್ರಿ. ಬೂಷ್ಟಿನ ಮೇಲೆ ಹೊಡೆದ ಪೇಂಟ್ ಒಂದು ಮಳೆಗಾಲವೂ ಬಾಳಲ್ಲ, ಹಪ್ಪಳದ ಹಾಗೆ ಎದ್ದು ಬರುತ್ತೆ.

ನೀರು ನಿಂತ ಮೇಲೆ ತೊಳೆಯಿರಿ. ಮೂರಡಿ ಉದ್ದ ಮೂರಡಿ ಅಗಲದಷ್ಟು ಕಲೆ ಆದರೆ ನೀವೇ ಮಾಡಬಹುದು. ಅದಕ್ಕಿಂತ ದೊಡ್ಡದಾದರೆ ಗಾರೆ ಕೆತ್ತಿ ಹೊಸದಾಗಿ ಹಾಕಬೇಕಾಗಬಹುದು, ಮೇಸ್ತ್ರಿಯನ್ನು ಕರೆಸಿ. ತೊಳೆಯುವ ದಿನ ಮಗುವನ್ನ ಅಜ್ಜಿ ಮನೆಗೆ ಕಳಿಸಿ. ಎನ್-95 ಮಾಸ್ಕ್ ಹಾಕಿ, ಕೊರೋನಾ ಕಾಲದ್ದು ಹೊಸದು ಎಲ್ಲಾದರೂ ಉಳಿದಿರುತ್ತೆ. ಕೈಗೆ ಗ್ಲೌಸ್. ಕೋಣೆ ಬಾಗಿಲು ಮುಚ್ಚಿ, ಕಿಟಕಿ ತೆರೆದು, ಫ್ಯಾನ್ ಆಫ್ ಮಾಡಿ. ಒಣ ಗೋಡೆಯನ್ನ ಪೊರಕೆಯಿಂದ ಗುಡಿಸಬೇಡಿ. ಎಲ್ಲರೂ ಮಾಡುವ ತಪ್ಪೇ ಇದು. ಗುಡಿಸಿದರೆ ಗೋಡೆ ಮೇಲಿದ್ದದ್ದು ಹಾಸಿಗೆ ಮೇಲೆ ಕೂರುತ್ತೆ. ಸೋಪಿನ ಪುಡಿ ಕಲಸಿದ ನೀರಿನಲ್ಲಿ ಮೊದಲು ಚೆನ್ನಾಗಿ ನೆನೆಸಿ, ಆಮೇಲೆ ಬ್ರಷ್‌ನಲ್ಲಿ ಉಜ್ಜಿ, ಹಳೇ ಬಟ್ಟೆಯಲ್ಲಿ ಒರೆಸಿ, ಬಟ್ಟೆಯನ್ನ ಕವರಿಗೆ ಹಾಕಿ ಗಂಟು ಕಟ್ಟಿ ಎಸೆಯಿರಿ. ಗೋಡೆ ಪೂರ್ತಿ ಒಣಗಬೇಕು. ಬ್ಲೀಚ್ ಬೇಕೇ ಬೇಕು ಅಂತಿಲ್ಲ. ಹಾಕಿದರೂ ಅದರ ಜೊತೆ ಟಾಯ್ಲೆಟ್ ತೊಳೆಯುವ ಆಸಿಡ್ ಮಾತ್ರ ಸೇರಿಸಬೇಡಿ. ಎರಡೂ ಸೇರಿದರೆ ಕ್ಲೋರಿನ್ ಅನಿಲ ಏಳುತ್ತೆ. ಬೂಷ್ಟಿಗಿಂತ ಮೊದಲು ನಿಮ್ಮ ಎದೆ ಹಿಡಿದುಕೊಳ್ಳುತ್ತೆ. ಬೂಷ್ಟು ಹಿಡಿದ ಹತ್ತಿ ಹಾಸಿಗೆ, ದಿಂಬು ಇದ್ದರೆ ಮೋಹ ಬಿಡಿ. ಅವು ತೊಳೆದು ಸರಿಹೋಗಲ್ಲ.

ಬಣ್ಣ ಹೊಡೆಸಲೇಬೇಕು ಅಂದರೆ ಸುಣ್ಣ ಹೊಡೆಸಿ ಅನ್ನೋದು ನನ್ನ ಮಾತು. ಸುಣ್ಣದ ಖಾರಕ್ಕೆ ಬೂಷ್ಟು ಸುಲಭಕ್ಕೆ ಹತ್ತಲ್ಲ, ಗೋಡೆಯ ಒಳಗಿನ ತೇವ ಹೊರಗೆ ಬರೋಕೂ ದಾರಿ ಇರುತ್ತೆ. ಪ್ಲಾಸ್ಟಿಕ್ ಪೇಂಟ್ ಅದನ್ನ ಕಟ್ಟಿಹಾಕುತ್ತೆ. ಮೊದಲೆಲ್ಲ ಯುಗಾದಿಗೋ ದೀಪಾವಳಿಗೋ ಮನೆಗೆ ಸುಣ್ಣ ಬಳಿಯುತ್ತಿದ್ದೆವು. ಆ ನೆಪಕ್ಕೆ ವರ್ಷಕ್ಕೊಮ್ಮೆಯಾದರೂ ಬೀರು, ಟ್ರಂಕು, ಮಂಚ ಎಲ್ಲ ಅಂಗಳಕ್ಕೆ ಬಂದು ಬಿಸಿಲು ಕಾಣುತ್ತಿದ್ದವು. ಈಗ ಹತ್ತು ವರ್ಷ ಗ್ಯಾರಂಟಿ ಪೇಂಟ್, ಹತ್ತು ವರ್ಷ ಯಾರೂ ಬೀರು ಸರಿಸಲ್ಲ.

ಇನ್ನು ಮಗನ ವಿಷಯ. ಜಗಳೂರಿನಲ್ಲಿ ಕೆಮ್ಮು ನಿಂತು ಇಲ್ಲಿ ಶುರುವಾಗಿದ್ದು ಒಳ್ಳೇ ಸುಳಿವು. ಆದರೆ ಅಷ್ಟಕ್ಕೇ ತೀರ್ಮಾನಕ್ಕೆ ಬರಬೇಡಿ. ಒಂದು ಪ್ರಶ್ನೆ: ಇಲ್ಲಿ ರಾತ್ರಿ ಸೊಳ್ಳೆ ಬತ್ತಿ ಹಚ್ಚುತ್ತೀರಾ? ತವರಿನಲ್ಲಿ ಹಚ್ಚಿದಿರಾ? ಮನೆಯಲ್ಲಿ ಯಾರಾದರೂ ಬೀಡಿ ಸಿಗರೇಟು ಸೇದುತ್ತಾರಾ? ಸಂಜೆ ಸಾಂಬ್ರಾಣಿ ಹೊಗೆ? ಹಳೇ ದಿಂಬಿನ ಧೂಳು, ಜಿರಳೆ? ಇವೆಲ್ಲವೂ ಇಂಥ ಮಕ್ಕಳ ಎದೆ ಹಿಡಿಸುತ್ತವೆ. ಬೂಷ್ಟು ಓಡಿಸೋಕೆ ಅಂತ ಬೇವಿನ ಹೊಗೆ ಹಾಕುವವರೂ ಇದ್ದಾರೆ, ಮಗುವಿಗೆ ಅದು ಇನ್ನೂ ಕಷ್ಟ. ಬೀರುವಿನೊಳಗಿನ ನುಸಿ ಗುಳಿಗೆಯಿಂದಲೂ ಗೋಡೆಯ ಬೂಷ್ಟು ಹೋಗಲ್ಲ, ಮಕ್ಕಳ ಬಟ್ಟೆ ನಡುವೆ ಅದನ್ನ ಇಡಲೂಬೇಡಿ. ಸೊಳ್ಳೆ ಬತ್ತಿ ಬಿಟ್ಟು ಪರದೆ ಕಟ್ಟಿ. ಗೋಡೆ ಕ್ಯಾಲೆಂಡರಿನಲ್ಲಿ ಕೆಮ್ಮಿದ ರಾತ್ರಿಗೆ ಒಂದು ಸೊನ್ನೆ ಹಾಕುತ್ತಾ ಬನ್ನಿ. ತಿಂಗಳಾದ ಮೇಲೆ ಡಾಕ್ಟರಿಗೆ ತೋರಿಸಿದರೆ ನೀವು ಬಾಯಲ್ಲಿ ಹೇಳುವುದಕ್ಕಿಂತ ಅವರಿಗೆ ಜಾಸ್ತಿ ಗೊತ್ತಾಗುತ್ತೆ.

ಇನ್‌ಹೇಲರ್ ಚಟ ಅಲ್ಲ. ಸಿರಪ್ ಹೊಟ್ಟೆಗೆ ಹೋಗಿ ರಕ್ತದಲ್ಲಿ ಮೈಯೆಲ್ಲ ಸುತ್ತಿ ಎದೆಗೆ ಬರಬೇಕು. ಇನ್‌ಹೇಲರ್ ನೇರ ಶ್ವಾಸನಾಳಕ್ಕೇ ಹೋಗುತ್ತೆ, ಹಾಗಾಗಿ ಔಷಧಿ ಬಹಳ ಕಡಿಮೆ ಸಾಕು. ಐದು ವರ್ಷದವನಿಗೆ ಸ್ಪೇಸರ್ (ಇನ್‌ಹೇಲರ್‌ಗೆ ಸಿಕ್ಕಿಸುವ ಪ್ಲಾಸ್ಟಿಕ್ ಕೊಳವೆ) ಹಾಕಿಯೇ ಕೊಡಿ, ಬರೀ ಬಾಯಿಗೆ ಒತ್ತಿದರೆ ಔಷಧಿಯ ಬಹುಪಾಲು ಗಂಟಲಲ್ಲೇ ಉಳಿಯುತ್ತೆ. ಗೋಡೆ ರಿಪೇರಿ ಆಯ್ತು ಅಂತ ನೀವಾಗಿಯೇ ನಿಲ್ಲಿಸಬೇಡಿ. ಇಷ್ಟು ದಿನದ ಕೆಮ್ಮು ಅಂದ ಮೇಲೆ ಟಿ.ಬಿ. ಇಲ್ಲ ಅನ್ನುವುದನ್ನೂ ಒಮ್ಮೆ ಖಚಿತ ಮಾಡಿಕೊಳ್ಳಬೇಕು. ತೂಕ ಇಳಿದಿದ್ದರೆ, ಸಂಜೆ ಜ್ವರ ಇದ್ದರೆ, ಮನೆಯಲ್ಲಿ ಯಾರಿಗಾದರೂ ಟಿ.ಬಿ. ಆಗಿದ್ದರೆ ಡಾಕ್ಟರಿಗೆ ಮುಚ್ಚಿಡದೆ ಹೇಳಿ. ಸರ್ಕಾರಿ ಆಸ್ಪತ್ರೆಯಲ್ಲಿ ಆ ಪರೀಕ್ಷೆ ಉಚಿತ. ಮತ್ತೆ, ಉಸಿರೆಳೆದಾಗ ಪಕ್ಕೆಲುಬಿನ ನಡುವೆ ಗುಳಿ ಬಿದ್ದರೆ, ಒಂದು ವಾಕ್ಯ ಪೂರ್ತಿ ಮಾತಾಡೋಕೆ ಆಗದಿದ್ದರೆ, ತುಟಿ ನೀಲಿಗಟ್ಟಿದರೆ, ಮಂಕಾಗಿ ತೂಕಡಿಸಿದರೆ ಬೆಳಗಾಗಲಿ ಅಂತ ಕಾಯಬೇಡಿ. ಆಗಲೇ 108ಕ್ಕೆ ಫೋನ್ ಮಾಡಿ.

ಮನೆ ಬಿಡಬೇಕಾ ಅಂದಿರಿ. ಇವತ್ತೇ ಬೇಡ. ಇವತ್ತು ರಾತ್ರಿ ಮಗನ ಹಾಸಿಗೆಯನ್ನ ನಡುಮನೆಗೆ ಹಾಕಿ. ಫಾಯಿಲ್ ಪರೀಕ್ಷೆ ಮಾಡಿ, ನೀರು ಹುಡುಕಿ, ಓನರ್ ಜೊತೆ ಒಮ್ಮೆ ನೆಟ್ಟಗೆ ಮಾತಾಡಿ. ಎರಡು ತಿಂಗಳಾದರೂ ಅವರು ಪೈಪ್ ಮುಟ್ಟದಿದ್ದರೆ ಬೇರೆ ಮನೆ ನೋಡಿ. ಹೊಸ ಮನೆ ನೋಡೋಕೆ ಹೋದಾಗ ಗೋಡೆ ಬಣ್ಣ ನೋಡಬೇಡಿ. ಸಜ್ಜಾ ಮೂಲೆ ನೋಡಿ, ಬಚ್ಚಲ ಹಿಂದಿನ ಗೋಡೆಗೆ ಅಂಗೈ ಇಟ್ಟು ನೋಡಿ.

ಪ್ರಶ್ನೆ: ನಮ್ಮದು ಚಳ್ಳಕೆರೆ ತಾಲ್ಲೂಕಿನ ಹಳ್ಳಿ. ಮಕ್ಕಳು ಮಲಗುವ ಕೋಣೆಯಲ್ಲೇ ಶೇಂಗಾ ಚೀಲ ಇಟ್ಟಿದ್ದೇವೆ. ಈ ಸಲ ಸುಗ್ಗಿಯಲ್ಲಿ ಮಳೆ ಬಂದು ಕೆಲವು ಚೀಲದ ಕಾಯಿಗೆ ಹಸಿರು ಬೂಷ್ಟು ಬಂದಿದೆ. ಹುರಿದರೆ ಎಲ್ಲ ಸತ್ತುಹೋಗುತ್ತೆ, ಚಟ್ನಿಪುಡಿ ಮಾಡೋಣ ಅಂತಾರೆ ಅಮ್ಮ. ಇಲ್ಲವಾದರೆ ಹಸುವಿಗೆ ಹಾಕಬಹುದಾ?
ಒಬ್ಬ ರೈತ

ಉತ್ತರ: ಹುರಿದರೆ ಬೂಷ್ಟು ಸಾಯುತ್ತೆ, ಅಮ್ಮ ಹೇಳಿದ್ದು ಅಷ್ಟರಮಟ್ಟಿಗೆ ಸರಿ. ಆದರೆ ಅದು ಬಿಟ್ಟುಹೋದ ವಿಷ ಸಾಯಲ್ಲ. ಅಫ್ಲಾಟಾಕ್ಸಿನ್ ಅಂತ ಅದರ ಹೆಸರು. ಬಾಣಲೆಯ ಬಿಸಿಗೆ ಪೂರ್ತಿ ನಾಶ ಆಗುವಂಥದ್ದಲ್ಲ. ಲಿವರ್ ಕೆಡಿಸುತ್ತೆ, ಮಕ್ಕಳಿಗೆ ಇನ್ನೂ ಬೇಗ. 1974ರಲ್ಲಿ ರಾಜಸ್ಥಾನ, ಗುಜರಾತಿನ ಹಳ್ಳಿಗಳಲ್ಲಿ ಮಳೆಗೆ ಸಿಕ್ಕಿ ಬೂಷ್ಟು ಹಿಡಿದ ಮೆಕ್ಕೆಜೋಳ ತಿಂದು ನೂರಕ್ಕೂ ಜಾಸ್ತಿ ಜನ ತೀರಿಕೊಂಡರು. ಮೆಕ್ಕೆಜೋಳ ಬೆಳೆಯುವ ದಾವಣಗೆರೆ ಕಡೆಯವರೂ ಇದನ್ನ ನೆನಪಿಡಬೇಕು.

ಹಸುವಿಗೂ ಬೇಡ. ವಿಷದ ಒಂದು ಪಾಲು ಹಾಲಿಗೆ ಇಳಿಯುತ್ತೆ, ಹಾಲು ಕುಡಿಯುವವರು ಮತ್ತೆ ಅದೇ ಮಕ್ಕಳು. ಗಾಣಕ್ಕೆ ಹಾಕಿಸಿ ಎಣ್ಣೆ ಮಾಡಿಸೋಣ ಅನ್ನಲೂಬೇಡಿ, ಗಾಣದ ಎಣ್ಣೆಯಲ್ಲೂ ಅದು ಬರುತ್ತೆ. ವರ್ಷದ ಬೆವರು ಅದು, ಎಸೆಯಿರಿ ಅನ್ನೋಕೆ ನನಗೂ ಕಷ್ಟ. ಚೀಲಗಳನ್ನ ಬೇರೆ ಬೇರೆ ಮಾಡಿ. ಬೂಷ್ಟು ಬಂದ ಚೀಲ ತಿನ್ನೋಕೆ ಬೇಡವೇ ಬೇಡ. ಚೆನ್ನಾಗಿರುವ ಚೀಲವನ್ನ ಬಿಸಿಲಿಗೆ ಹರವಿ, ಕಾಯಿ ಅಲ್ಲಾಡಿಸಿದರೆ ಬೀಜ ಗಲಗಲ ಅನ್ನುವವರೆಗೆ ಒಣಗಿಸಿ. ಬಿಡಿಸುವಾಗ ಸುಕ್ಕಾದ, ಬಣ್ಣ ಕೆಟ್ಟ, ಕಹಿ ಬೀಜ ಆರಿಸಿ ತೆಗೆಯಿರಿ. ಚೀಲವನ್ನ ನೆಲಕ್ಕೂ ಗೋಡೆಗೂ ತಾಗದ ಹಾಗೆ ಹಲಗೆ ಮೇಲೆ ಇಡಿ. ಮತ್ತೆ ಮಕ್ಕಳ ಕೋಣೆಯಿಂದ ಇವತ್ತೇ ಹೊರಗೆ ಸಾಗಿಸಿ. ಚೀಲ ಎತ್ತಿದಾಗ ಏಳುವ ಆ ಪುಡಿ ಧೂಳು ನಿಮಗೇ ಸೀನು ತರಿಸುತ್ತೆ, ಅಲ್ವಾ?

ಪ್ರಶ್ನೆ: ಹಿರಿಯೂರಿನಲ್ಲಿ ಹೊಸ ಮನೆ ಕಟ್ಟಿ ಎಂಟು ತಿಂಗಳು. ಗೋಡೆ ಬುಡದಲ್ಲಿ ಹತ್ತಿಯಂಥ ಬಿಳಿ ಬೂಷ್ಟು ಬರುತ್ತಿದೆ. ಎರಡು ವರ್ಷದ ಮಗಳು ಅದನ್ನ ಕೆರೆದು ಕೆರೆದು ತಿನ್ನುತ್ತಾಳೆ. ಗದರಿದರೂ ಬಿಡಲ್ಲ. ವಾಲ್‌ಪೇಪರ್ ಅಂಟಿಸಿಬಿಡಲಾ?
ಒಬ್ಬ ತಂದೆ

ಉತ್ತರ: ಅದರ ಮೇಲೆ ಸ್ವಲ್ಪ ನೀರು ಚಿಮುಕಿಸಿ. ಕರಗಿ ಮಾಯವಾದರೆ ಅದು ಬೂಷ್ಟಲ್ಲ, ಗೋಡೆ ಬಿಟ್ಟ ಉಪ್ಪು. ಹೊಸ ಗಾರೆ ಇನ್ನೂ ಒಳಗೆ ಹಸಿ ಇದೆ, ಅಷ್ಟೇ. ಒಣಬಟ್ಟೆಯಲ್ಲಿ ಒರೆಸುತ್ತಿರಿ, ಒಣಗಲು ಬಿಡಿ, ವಾಲ್‌ಪೇಪರ್ ಬೇಡ.

ಆದರೆ ನೀವು ಪತ್ರದ ನಡುವೆ ಸುಮ್ನೆ ಸೇರಿಸಿದ ಮಾತಿದೆಯಲ್ಲ, ಮಗಳು ಗೋಡೆ ತಿನ್ನುತ್ತಾಳೆ ಅಂತ, ನನಗೆ ಚಿಂತೆ ಅದರದ್ದು. ಗೋಡೆ, ಮಣ್ಣು, ಬಳಪ ತಿನ್ನುವ ಮಕ್ಕಳಲ್ಲಿ ಬಹಳ ಸಲ ಕಬ್ಬಿಣದ ಅಂಶ ಕಡಿಮೆ ಇರುತ್ತೆ. ಗದರಬೇಡಿ, ಅದು ಹಟ ಅಲ್ಲ. ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ, ಬಿಳಚಿಕೊಂಡಿದೆಯಾ? ದಿನಕ್ಕೆ ಎಷ್ಟು ಹಾಲು ಕುಡಿಯುತ್ತಾಳೆ? ಹಾಲಲ್ಲೇ ಹೊಟ್ಟೆ ತುಂಬಿಸಿಕೊಂಡು ಊಟ ಬಿಡುವ ಮಕ್ಕಳಲ್ಲಿ ಇದು ಜಾಸ್ತಿ. ಈ ವಾರವೇ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ಅವಳ ವಯಸ್ಸಿಗೆ 11 ಗ್ರಾಂಗಿಂತ ಕಡಿಮೆ ಬಂದರೆ ರಕ್ತಹೀನತೆ. ಜಂತುಹುಳದ ಔಷಧಿ ಕೊಟ್ಟು ಎಷ್ಟು ದಿನವಾಯ್ತು ಅನ್ನೋದನ್ನೂ ಡಾಕ್ಟರಿಗೆ ಹೇಳಿ. ರಿಪೋರ್ಟ್ ಬಂದ ಮೇಲೆ ನನಗೊಂದು ಸಾಲು ಬರೆಯಿರಿ, ಕಾಯುತ್ತಿರುತ್ತೇನೆ.